ಪಾಲಕರ ಹೆಸರು ಬರೆಯುವ ಜಾಗ

9 ಮಾರ್ಚ್

ನ್ಯಾಯಾಲಯದ ಕಚೇರಿಗೆ,

ಮಾನ್ಯರೇ,

ನಿಮ್ಮ ಬಂದರಿನಿಂದ ಒಂದು ಮೈಲಿ ಆಚೆ ಲಂಗರು ಹಾಕಿ ನಿಂತಿರುವ, ಯಜಮಾನರ ಸಾಲಕ್ಕೆ ನೀವು ಜಪ್ತಿ ಮಾಡಿರುವ ಸರಕು ಹಡಗಿನ ಎರಡನೇ ಎಂಜಿನಿಯರ್ ನಾನು. ಇದು ನನ್ನ ನಾಲ್ಕನೆಯ ಅರ್ಜಿ. ಮೊದಲ ಮೂರಕ್ಕೆ ಉತ್ತರವಿಲ್ಲ.

ಹೋದ ಅಕ್ಟೋಬರಿನಲ್ಲಿ ನಿಮ್ಮ ಅಮೀನರು ಜಪ್ತಿಯ ಕಾಗದ ಹಿಡಿದು ಹಡಗಿಗೆ ಬಂದರು. ಕಪ್ತಾನರು ಹಲ್ಲುನೋವೆಂದು ದಡಕ್ಕೆ ಹೋಗಿದ್ದರು. "ಕಾಗದ ತಲುಪಿದೆ ಅಂತ ಯಾರಾದ್ರೂ ಒಂದು ಸೈನ್ ಹಾಕಿ" ಎಂದರು ಅಮೀನರು. ಎದುರಿಗಿದ್ದವನು ನಾನು. ಹಾಕಿದೆ. ಕಪ್ತಾನರು ಮತ್ತೆ ಬರಲಿಲ್ಲ. ಜನವರಿಯಲ್ಲಿ ಬಂದರಿನವರು ಉಳಿದ ಒಂಬತ್ತು ಜನರನ್ನು ಅವರವರ ಊರಿಗೆ ಕಳಿಸಿದರು. ನಾನೂ ಪೆಟ್ಟಿಗೆ ಕಟ್ಟಿ ಏಣಿಯ ಹತ್ತಿರ ನಿಂತೆ. "ನೀವು ಇಳಿಯೋ ಹಾಗಿಲ್ಲ. ಕೋರ್ಟಿನ ಆದೇಶದಲ್ಲಿ ಹಡಗಿನ ಪಾಲಕ ಅಂತ ನಿಮ್ಮ ಹೆಸರಿದೆ. ಹಡಗು ಮಾರಾಟ ಆಗೋವರೆಗೆ ನೀವು ಅದರಲ್ಲೇ ಇರಬೇಕು" ಎಂದರು. ಹಡಗಿನವರಿಗೆ ದಡಕ್ಕಿಳಿಯಲು ಕೊಡುವ ಪರವಾನಗಿಯ ಅವಧಿಯೂ ಮುಗಿದಿದೆ. ಕಾಲಿಟ್ಟರೆ ಹಿಡಿದು ಒಳಗೆ ಹಾಕುತ್ತಾರಂತೆ.

ನಾನು ಹಡಗಿನ ಯಜಮಾನನಲ್ಲ, ಕಪ್ತಾನನಲ್ಲ. ಪಾಲಕನಾಗುತ್ತೇನೆಂದು ಯಾರಿಗೂ ಹೇಳಿಲ್ಲ. ಡೀಸೆಲ್ ಮುಗಿದು ದೀಪವಿಲ್ಲ, ರೇಡಿಯೋ ಇಲ್ಲ. ವಾರಕ್ಕೊಮ್ಮೆ ನೀರಿನ ದೋಣಿ ಬರುತ್ತದೆ. ದಯವಿಟ್ಟು ತಪ್ಪನ್ನು ಸರಿಪಡಿಸಿ ನನ್ನನ್ನು ಬಿಡಬೇಕಾಗಿ ಕೋರುತ್ತೇನೆ.

ಎರಡನೇ ಎಂಜಿನಿಯರ್

*

28 ಮಾರ್ಚ್

ಎರಡನೇ ಎಂಜಿನಿಯರ್ ಅವರಿಗೆ,

ದಿನಾಂಕ 9 ಮಾರ್ಚ್‌ರ ತಮ್ಮ ಅರ್ಜಿಯನ್ನು ಕಡತದಲ್ಲಿ ಸೇರಿಸಲಾಗಿದೆ. ಮುಂದಿನ ವಿಚಾರಣೆ ಜೂನ್ 19ಕ್ಕೆ ಇರುತ್ತದೆ.

ಅಪ್ಪಣೆ ಮೇರೆಗೆ,
ನ್ಯಾಯಾಲಯದ ಕಚೇರಿ

(ಅದೇ ಲಕೋಟೆಯಲ್ಲಿ, ಕೈಬರಹದ ಇನ್ನೊಂದು ಹಾಳೆ)

ಮೇಲಿನ ಎರಡು ಸಾಲು ಕಚೇರಿಯದು. ಇದು ನನ್ನದು. ಕಚೇರಿಗೆ ಗೊತ್ತಿಲ್ಲ.

ನಾನು ಕೋರ್ಟಿನಲ್ಲಿ ಕೆಲಸ ಮಾಡುವವಳು, ಹಳೆಯ ದಾಖಲೆಗಳ ಕಡೆ. ನಿಮ್ಮ ನಾಲ್ಕೂ ಅರ್ಜಿ ಓದಿದ್ದೇನೆ. ನಾನು ಬಸ್ಸಿಗೆ ಕಾಯುವ ಜಾಗದಿಂದ ನಿಮ್ಮ ಹಡಗು ಕಾಣುತ್ತದೆ. ಜನ ಅದನ್ನು ದಿಕ್ಕು ತೋರಿಸಲು ಬಳಸುತ್ತಾರೆ, "ಹಡಗಿನ ಎದುರಿನ ಔಷಧಿ ಅಂಗಡಿ" ಅಂತ. ಅದರೊಳಗೆ ಒಬ್ಬ ಮನುಷ್ಯ ಇದ್ದಾನೆಂದು ಯಾರಿಗೂ ಗೊತ್ತಿದ್ದಂತಿಲ್ಲ.

ನಿಮಗೆ ಏನು ಬೇಕು ತಿಳಿಸಿ. ದೋಣಿಯವನ ಕೈಯಲ್ಲಿ ಕಳಿಸುತ್ತೇನೆ. ಉತ್ತರವನ್ನು ಕಚೇರಿಗೆ ಬರೆಯಬೇಡಿ, ಹಿಂದೆ ನನ್ನ ಮನೆಯ ವಿಳಾಸವಿದೆ.

ದಾಖಲೆ ಕೋಣೆಯವಳು

*

4 ಏಪ್ರಿಲ್

ಮೇಡಂ,

ನೀರಿನ ದೋಣಿಯವನಿಗೆ ನಾನು ಗುರುವಾರದಣ್ಣ ಎಂದು ಹೆಸರಿಟ್ಟಿದ್ದೇನೆ. ಆತ ಲಕೋಟೆ ಕೊಟ್ಟಾಗ ನಾನು ಸರ್ಕಾರಿ ಮೊಹರು ನೋಡಿ ಚೀಲದೊಳಗೆ ತುರುಕಿದೆ. ಆಲೂಗಡ್ಡೆ, ಬ್ರೆಡ್ಡು ಎಲ್ಲ ಜೋಡಿಸಿಟ್ಟ ಮೇಲೆ ಒಡೆದೆ. ಮೊದಲ ಹಾಳೆ ಓದಿ ಹರಿದುಹಾಕೋಣ ಅಂದುಕೊಂಡೆ. ಹಿಂದೆ ಇನ್ನೊಂದು ಹಾಳೆ ಅಂಟಿಕೊಂಡಿತ್ತು.

ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೊನೆಗೆ ಜೋರಾಗಿ ಓದಿದೆ. ಬಹಳ ದಿನದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಆರು ತಿಂಗಳಲ್ಲಿ ನನಗೆ ಬಂದ ಕಾಗದಗಳಲ್ಲೆಲ್ಲ ನಾನು "ಸದರಿ ವ್ಯಕ್ತಿ" ಆಗಿದ್ದೆ. ನೀವೊಬ್ಬರು "ಒಬ್ಬ ಮನುಷ್ಯ" ಎಂದು ಬರೆದಿದ್ದೀರಿ.

ಏನು ಬೇಕು ಎಂದು ಕೇಳಿದ್ದೀರಿ. ಸೂಜಿ, ದಾರ, ನಾಲ್ಕು ಪೆನ್ಸಿಲ್. ಓದಲು ಯಾವುದಾದರೂ ಸರಿ, ಹಳೆಯ ಪಂಚಾಂಗವಾದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಿಡುವಿದ್ದಾಗ ಬರೆಯಿರಿ. ಊರಿನ ವಿಷಯ, ಬಸ್ಸಿನ ವಿಷಯ, ಏನಾದರೂ.

ನನ್ನ ದಿನಚರಿ ಹೇಳುತ್ತೇನೆ. ಹಡಗಿನ ತಳದಲ್ಲಿ ನೀರು ಜಿನುಗುತ್ತದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೈಪಂಪು ಹೊಡೆಯುತ್ತೇನೆ. ಹೊಡೆಯದಿದ್ದರೆ ಹಡಗಿನ ಜೊತೆ ಪಾಲಕನೂ ಮುಳುಗುತ್ತಾನೆ, ಆಗ ನಿಮ್ಮ ಕಡತವೂ ಮುಗಿಯುತ್ತದೆ. ಉಳಿದ ಹೊತ್ತು ಡೆಕ್ಕಿನ ಮೇಲೆ ತಿರುಗುತ್ತೇನೆ. ಈ ತುದಿಯಿಂದ ಆ ತುದಿಗೆ ನೂರಾ ನಲವತ್ತೆರಡು ಹೆಜ್ಜೆ.

ಅಮ್ಮನಿಗೆ ಮಾತ್ರ ಇದೇನೂ ಗೊತ್ತಿಲ್ಲ. ಹಡಗು ಓಡುತ್ತಲೇ ಇದೆ, ಇವತ್ತು ಈ ಬಂದರು, ನಾಳೆ ಆ ಬಂದರು ಎಂದು ಬರೆಯುತ್ತೇನೆ. ಆ ಕಾಗದಗಳನ್ನೂ ಗುರುವಾರದಣ್ಣನೇ ಅಂಚೆಗೆ ಹಾಕುತ್ತಾನೆ. ಪಕ್ಕದ ಮನೆಯವರು ಅವಳಿಗೆ ಓದಿ ಹೇಳುತ್ತಾರೆ.

ನಿಮ್ಮ,
ಎರಡನೇ ಎಂಜಿನಿಯರ್

*

25 ಏಪ್ರಿಲ್

ಎಂಜಿನಿಯರ್ ಅವರಿಗೆ,

ಸೂಜಿ, ದಾರ, ಪೆನ್ಸಿಲ್, ಎರಡು ಕಾದಂಬರಿ. ಒಂದರಲ್ಲಿ ಕೊನೆಯ ಹತ್ತು ಪುಟ ಇಲ್ಲ. ನಾನೇ ಬೇಕೆಂದು ಕಳಿಸಿದ್ದು, ಕೊನೆ ನೀವೇ ಕಟ್ಟಿಕೊಳ್ಳಲಿ ಎಂದು. ಹೊತ್ತು ಹೋಗುತ್ತದೆ.

ಊರಿನ ವಿಷಯ ಕೇಳಿದ್ದೀರಿ. ನಾನು ಗಡಿಯಾರ ರಿಪೇರಿಯವರ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದೇನೆ. ಗಂಟೆ ಹೊಡೆದರೆ ಇಪ್ಪತ್ತು ಗಡಿಯಾರ ಒಂದಾದಮೇಲೊಂದು ಹೊಡೆಯುತ್ತವೆ, ಎರಡು ಒಂದೇ ಹೊತ್ತು ತೋರಿಸುವುದಿಲ್ಲ. ಮನೆಯವರು ಹೋಗಿ ಒಂಬತ್ತು ವರ್ಷ. ಕೋರ್ಟಿನ ಅದೇ ಕುರ್ಚಿಯಲ್ಲಿ ಮೂವತ್ತಾರು ವರ್ಷ ಕೂತಿದ್ದೇನೆ. ಸಾಹೇಬರು ಹನ್ನೊಂದು ಮಂದಿ ಬದಲಾದರು, ಕುರ್ಚಿ ಬದಲಾಗಲಿಲ್ಲ. ಆಗಸ್ಟ್ ಕೊನೆಗೆ ನಿವೃತ್ತಿ. ಮಗಳು ದೂರದ ಊರಿನಲ್ಲಿದ್ದಾಳೆ. ಫೆಬ್ರವರಿಯಲ್ಲಿ ಅವಳಿಗೆ ಹೆಣ್ಣು ಮಗು ಆಗಿದೆ. ಇನ್ನೂ ನೋಡಿಲ್ಲ. ಸೆಪ್ಟೆಂಬರಿನಲ್ಲಿ ಮನೆ ಖಾಲಿ ಮಾಡಿ ಅವಳ ಹತ್ತಿರ ಹೋಗಿಬಿಡುತ್ತೇನೆ. ಈಗಿನಿಂದಲೇ ಪಾತ್ರೆಗಳನ್ನು ಒಂದೊಂದಾಗಿ ಕೊಟ್ಟುಬಿಡುತ್ತಿದ್ದೇನೆ.

ನಿಮ್ಮ ತಾಯಿಗೆ ಸುಳ್ಳು ಹೇಳುತ್ತಿರುವುದಕ್ಕೆ ನೊಂದುಕೊಳ್ಳಬೇಡಿ. ಕೆಲವು ವಿಷಯ ಹೇಳಲು ಹೊತ್ತು ಬರಬೇಕು.

ದಾಖಲೆ ಕೋಣೆಯವಳು

*

3 ಮೇ

ಅಕ್ಕಾ,

ಹೀಗೆ ಕರೆಯಬಹುದೇ? ಮೇಡಂ ಎಂದು ಬರೆದರೆ ಬರವಣಿಗೆ ಮುಂದೆ ಹೋಗುವುದಿಲ್ಲ.

ಕಾದಂಬರಿಗೆ ಮೂರು ಕೊನೆ ಕಟ್ಟಿದೆ. ಮೂರರಲ್ಲೂ ನಾಯಕ ಊರು ಬಿಟ್ಟು ಹೋಗಿಬಿಟ್ಟ. ಏನು ಮಾಡಲಿ, ನನ್ನ ತಲೆ ಅತ್ತಲೇ ಓಡುತ್ತದೆ.

ಈಚೆಗೆ ಒಂದು ಯೋಚನೆ ಬಿಡುತ್ತಿಲ್ಲ. ಪಂಪು ಹೊಡೆಯುವಾಗಲೆಲ್ಲ ಅದೇ. ಅಮೀನರನ್ನು ನಾನು ಬಲ್ಲೆ. ಮುಖ ನೆನಪಿದೆ, ಏಣಿ ಹತ್ತಿ ಏದುಸಿರು ಬಿಡುತ್ತಿದ್ದ, ಅವನಿಗೆ ನೀರು ಕೊಟ್ಟೆ. ಅವನ ಮೇಲೆ ಸಿಟ್ಟು ಮಾಡಿಕೊಂಡು ಸಾಕಾಗಿದೆ. ಆದರೆ ಅವನು ಒಯ್ದದ್ದು ಒಂದು ಸೈನು. ಅದನ್ನು ಆದೇಶ ಮಾಡಿದವನು ಇನ್ನೊಬ್ಬ. ಎಲ್ಲೋ ಒಂದು ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಯಂತ್ರದ ಮುಂದೆ ಕೂತು ನನ್ನ ಹೆಸರನ್ನು ಆ ಜಾಗದಲ್ಲಿ ಹೊಡೆದವನು. ನಾನು ಯಾರು ಎಂದು ಅವನು ಕೇಳಲಿಲ್ಲ. ಹೊಡೆದು ಎದ್ದು ಮನೆಗೆ ಹೋಗಿರುತ್ತಾನೆ. ಅವನ ಕೈ ಸೇದಿಹೋಗಲಿ ಎಂದು ದಿನಾ ಬೆಳಿಗ್ಗೆ ಶಾಪ ಹಾಕುತ್ತೇನೆ. ನಾನು ಅಂಥವನಲ್ಲ ಅಕ್ಕಾ, ಇಲ್ಲಿಗೆ ಬರುವ ಮುಂಚೆ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ.

ನೀವು ಅದೇ ಕಚೇರಿಯವರು. ಅವನು ಯಾರೆಂದು ನಿಮಗೆ ಗೊತ್ತಿರಬೇಕು. ಗೊತ್ತಿದ್ದರೆ ಹೇಳಿ. ಏನೂ ಮಾಡುವುದಿಲ್ಲ, ಇಲ್ಲಿಂದ ಏನು ಮಾಡಲಾದೀತು? ಹೆಸರು ಗೊತ್ತಾದರೆ ಸಾಕು.

ನಿಮ್ಮ ತಮ್ಮ

*

24 ಮೇ

ಅಕ್ಕಾ,

ಮೂರು ಗುರುವಾರ ಕಳೆಯಿತು. ದೋಣಿ ಬಂತು, ನೀರು ಬಂತು, ನಿಮ್ಮ ಕಾಗದ ಬರಲಿಲ್ಲ. "ಏನೂ ಇಲ್ವಾ?" ಎಂದರೆ ಗುರುವಾರದಣ್ಣ ಎರಡೂ ಕೈ ಅಗಲಿಸುತ್ತಾನೆ.

ಅಕ್ಕ ಎಂದು ಕರೆದದ್ದು ತಪ್ಪಾಯಿತೇ? ಸಲಿಗೆ ಹೆಚ್ಚಾಯಿತೆನಿಸಿದರೆ ಮತ್ತೆ ಮೇಡಂ ಎನ್ನುತ್ತೇನೆ. ಅಥವಾ ಕಚೇರಿಯವನ ಹೆಸರು ಕೇಳಿ ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದೆನೇ? ಆ ಮಾತು ಬಿಟ್ಟುಬಿಡಿ. ಹೆಸರು ಬೇಡ. ಬರೆಯುವುದನ್ನು ನಿಲ್ಲಿಸಬೇಡಿ.

ನಿಮ್ಮ ಹಾಳೆಗಳು ಮಡಿಕೆಯ ಕಡೆ ಹರಿಯುತ್ತಿವೆ. ಹಿಂದಿನಿಂದ ಕಾಗದ ಹಚ್ಚಿ ದಾರದಲ್ಲಿ ಹೊಲಿದಿದ್ದೇನೆ.

*

21 ಜೂನ್

ಮೇಡಂ,

ಜೂನ್ 19 ಆಗಿಹೋಯಿತು. ವಾಯಿದೆ ಹಾಕಿದ್ದಾರೆಂದು ದೋಣಿಯವನು ಹೇಳಿದ. ಸೆಪ್ಟೆಂಬರಿಗೆ.

ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಸಮುದ್ರ ಜೋರಾಗಿದೆ, ಹಡಗು ಅಲುಗಾಡುತ್ತದೆ. ನಾನು ಚೆನ್ನಾಗಿದ್ದೇನೆ. ಈಗ ಡೆಕ್ಕಿನ ಮೇಲೆ ಹೋಗುವುದಿಲ್ಲ. ಹೋದರೆ ನಿಮ್ಮ ಊರು ಕಾಣುತ್ತದೆ. ಬಸ್ಸು ಬರುವುದು, ಜನ ಹತ್ತುವುದು, ಬಸ್ಸು ಹೋಗುವುದು, ಎಲ್ಲ ಇರುವೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡರೆ ಯಾವುದೂ ಇಲ್ಲ.

ಪಂಪು ಒಂದು ಹೊತ್ತು ಮಾತ್ರ ಹೊಡೆಯುತ್ತೇನೆ. ನೀರು ಸ್ವಲ್ಪ ಏರಿದೆ. ಏರಲಿ.

*

2 ಜುಲೈ

ತಮ್ಮಾ,

ನೀವು ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ನೀನು ಎನ್ನುತ್ತೇನೆ. ಈ ಕಾಗದ ಮುಗಿಯುವ ಹೊತ್ತಿಗೆ ನಾನು ನಿನಗೆ ಯಾವ ಅಕ್ಕನೂ ಆಗಿರುವುದಿಲ್ಲ, ಅಲ್ಲಿಯವರೆಗೆ ಕರೆಯುತ್ತೇನೆ.

ಹಡಗು ಅಲುಗಾಡಿದರೆ ಅಕ್ಷರ ಅಲುಗಾಡುತ್ತದೆ, ಇನ್ನೊಂದು ಕಡೆಗೆ ವಾಲುವುದಿಲ್ಲ. ಇಡೀ ಜೀವಮಾನ ಬೇರೆಯವರ ಕೈಬರಹ ಓದಿದವಳು ನಾನು. ನೀನು ಎಡಗೈಯಲ್ಲಿ ಬರೆದಿದ್ದೀಯೆ. ಬಂದರಿಗೆ ಹೋಗಿ ದೋಣಿಯವನನ್ನು ಹಿಡಿದು ಕೇಳಿದೆ. "ಏಣಿ ಮೇಲಿಂದ ಬಿದ್ದ ಮೇಡಂ, ಬಲಗೈ ಮಣಿಕಟ್ಟು ಊದಿದೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ" ಎಂದ. ಈ ಗುರುವಾರ ದೋಣಿಯಲ್ಲಿ ಡಾಕ್ಟರು ಬರುತ್ತಾರೆ. ಕೈ ಮುಂದೆ ಮಾಡು, ಹಟ ಮಾಡಬೇಡ.

ಈಗ ಎರಡು ತಿಂಗಳಿಂದ ಬರೆಯಲಾಗದ್ದು. ನಾನು ದಾಖಲೆ ಕೋಣೆಯವಳಲ್ಲ. ಟೈಪಿಸ್ಟ್. ನಿನ್ನ ಹೆಸರು ಹೊಡೆದವಳು ನಾನೇ.

ಅವತ್ತು ಶುಕ್ರವಾರ. ಆದೇಶವನ್ನು ಬೆಳಿಗ್ಗೆಯೇ ಟೈಪ್ ಮಾಡಿದ್ದೆ. "ಪಾಲಕರ ಹೆಸರು" ಎಂಬ ಜಾಗ ಖಾಲಿ ಬಿಡಲು ಸಾಹೇಬರೇ ಹೇಳಿದ್ದರು. ಕಪ್ತಾನರ ಹೆಸರನ್ನು ಅಮೀನರು ವಿಚಾರಿಸಿ ತರಬೇಕಿತ್ತು. ಸಾಹೇಬರು ಸಹಿ ಮಾಡಿ ಹೋದರು. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಅಮೀನರು ಬಂದು ನಿನ್ನ ಸೈನಿದ್ದ ರಸೀದಿ ಮೇಜಿನ ಮೇಲೆ ಇಟ್ಟರು.

"ಇವರು ಕಪ್ತಾನರೇನು?" ಎಂದೆ.

"ಅಲ್ಲ. ಕಪ್ತಾನ ಇರ್ಲಿಲ್ಲ. ಇವನದ್ದೇ ಹಾಕಿಬಿಡಿ ಮೇಡಂ. ಯಾರಾದ್ರೇನು, ಹಡಗೇನು ಎದ್ದು ಓಡಿಹೋಗುತ್ತಾ?"

ಸೋಮವಾರ ಸಾಹೇಬರನ್ನು ಕೇಳಿ ಹಾಕೋಣ ಎಂದು ಕಾಗದ ಎತ್ತಿಡಬಹುದಿತ್ತು. ಎತ್ತಿಡಬೇಕಾದರೆ ಬೀರು ತೆಗೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ಶಿರಸ್ತೇದಾರರ ಸಹಿ ತರಬೇಕು. ಐದು ಗಂಟೆಯ ಬಸ್ಸು ತಪ್ಪುತ್ತಿತ್ತು. ಇನ್ನೊಂದು ಏಳಕ್ಕೆ. ನನ್ನ ಕಾಲು ನೋಯುತ್ತಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದೆಯೇ ಎಂದು ಬಹಳ ಹುಡುಕಿದೆ, ಇಲ್ಲ. ಕಾಗದವನ್ನು ಮತ್ತೆ ಯಂತ್ರಕ್ಕೆ ಸೇರಿಸಿ ನಿನ್ನ ಹೆಸರು ಹೊಡೆದೆ. ಸಾಲಿಗಿಂತ ಸ್ವಲ್ಪ ಮೇಲೆ ಬಿತ್ತು. ಅದನ್ನು ನೋಡಿ ಬೇಸರವಾಯಿತು, ಹೆಸರಿಗಲ್ಲ, ಸಾಲು ತಪ್ಪಿದ್ದಕ್ಕೆ.

ನಿನ್ನ ಮೊದಲ ಅರ್ಜಿ ಬಂದಾಗ ಹೆಸರನ್ನು ಎರಡು ಸಲ ಓದಿದೆ. ಶಿರಸ್ತೇದಾರರು "ಕಡತಕ್ಕೆ ಹಾಕಿ" ಎಂದರು. ಮೂರನ್ನೂ ಹಾಕಿದೆ. ನಾಲ್ಕನೆಯದಕ್ಕೆ ಸೂಜಿ ದಾರ ಕಳಿಸಿ ಋಣ ತೀರಿತೆಂದುಕೊಳ್ಳಲು ನೋಡಿದೆ. ನಿನ್ನ ಶಾಪದ ಕಾಗದ ಬಂದ ದಿನ ಕಚೇರಿಗೆ ಹೋಗಲಿಲ್ಲ. ಕೈ ನೋಡಿಕೊಂಡು ಕೂತೆ. ನನ್ನ ಕೈ ಗಟ್ಟಿಯಾಗಿದೆ ತಮ್ಮಾ. ಪೆಟ್ಟು ಬಿದ್ದದ್ದು ನಿನ್ನದಕ್ಕೆ.

ಆದೇಶದ ಕಾರ್ಬನ್ ಪ್ರತಿ ಕಡತದಲ್ಲಿದೆ. ಅದರಲ್ಲಿ ಆ ಜಾಗ ಇವತ್ತಿಗೂ ಖಾಲಿ. ಸಾಹೇಬರು ಸಹಿ ಮಾಡುವಾಗ ನಿನ್ನ ಹೆಸರು ಇರಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಅದನ್ನು ಹಿಡಿದು ಸಾಹೇಬರ ಮುಂದೆ ಅಫಿಡವಿಟ್ ಕೊಡುತ್ತೇನೆ. ಅಲ್ಲಿಯವರೆಗೆ ಪಂಪು ಬಿಡಬೇಡ. ನನ್ನ ಮೇಲಿನ ಸಿಟ್ಟಿಗಾದರೂ ಹೊಡೆ.

ಟೈಪಿಸ್ಟ್

*

6 ಜುಲೈ

ಡಾಕ್ಟರು ಬಂದು ಕಟ್ಟು ಹಾಕಿ ಹೋದರು.

ಇನ್ನು ನನಗೆ ಬರೆಯಬೇಡಿ. ನಿಮ್ಮ ಪುಸ್ತಕಗಳನ್ನು ದೋಣಿಯವನ ಕೈಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ.

*

27 ಜುಲೈ

ಹೇಗೆ ಕರೆಯಬೇಕೋ ತಿಳಿಯುತ್ತಿಲ್ಲ, ಹಾಗೇ ಶುರು ಮಾಡುತ್ತೇನೆ.

ನಿಮ್ಮ ಕಾಗದವನ್ನು ಸಮುದ್ರಕ್ಕೆ ಎಸೆಯಲು ಎರಡು ಸಲ ಡೆಕ್ಕಿಗೆ ಹೋದೆ. ಹಾಗೆ ಹೋಗಿದ್ದರಿಂದ ಐದು ವಾರದ ಮೇಲೆ ಬಿಸಿಲು ನೋಡಿದೆ. ಎಸೆಯಲಿಲ್ಲ. ಎಸೆದರೆ ಇಲ್ಲಿ ಓದಲು ಇನ್ನೇನಿದೆ?

ಒಂಬತ್ತು ತಿಂಗಳು ನಾನೊಬ್ಬ ಮನುಷ್ಯನನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ದಪ್ಪ ಕುತ್ತಿಗೆ, ಎಣ್ಣೆ ಹಚ್ಚಿದ ಕೂದಲು. ದಿನಾ ಅವನ ಜೊತೆ ಜಗಳ. ಈಗ ಅವನಿಲ್ಲ. ಅವನ ಜಾಗದಲ್ಲಿ ಕಾಲು ನೋಯುವ ಹೆಂಗಸೊಬ್ಬಳು ಬಸ್ಸಿಗೆ ಓಡುತ್ತಾಳೆ. ನನಗೆ ಸಿಟ್ಟು ಮಾಡಲು ಆಗುತ್ತಿಲ್ಲ, ಮಾಡದಿರಲೂ ಆಗುತ್ತಿಲ್ಲ. ಇದು ಮೊದಲಿಗಿಂತ ಕಷ್ಟ.

ಯಾಕೆ ಹೇಳಿದಿರಿ? ಹೇಳದಿದ್ದರೆ ನನಗೆಂದೂ ಗೊತ್ತಾಗುತ್ತಿರಲಿಲ್ಲ.

ಒಂದು ವಿಷಯ ಕೇಳಬೇಕು, ಸುಳ್ಳು ಹೇಳಬೇಡಿ. ಅವತ್ತು ಆ ಬಸ್ಸು ಸಿಕ್ಕಿತೇ?

*

5 ಆಗಸ್ಟ್

ತಮ್ಮಾ,

ಸಿಕ್ಕಿತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು.

ಯಾಕೆ ಹೇಳಿದೆ ಎಂದರೆ, ನೀನು "ಏರಲಿ" ಎಂದು ಬರೆದಿದ್ದೆ. ಆ ಒಂದು ಮಾತು ನನ್ನನ್ನು ಮಲಗಲು ಬಿಡಲಿಲ್ಲ.

ಅಫಿಡವಿಟ್ ಕೊಟ್ಟೆ. ಟೈಪ್ ಮಾಡಿದ್ದೂ ನಾನೇ, ಬೇರೆ ಟೈಪಿಸ್ಟ್ ಇಲ್ಲವಲ್ಲ. ಶಿರಸ್ತೇದಾರರು ಓದಿ ಕನ್ನಡಕ ತೆಗೆದಿಟ್ಟರು. "ನಿವೃತ್ತಿಗೆ ತಿಂಗಳಿಲ್ಲ. ಇದೆಲ್ಲ ಯಾಕೆ ಬೇಕಿತ್ತಮ್ಮ ನಿಮಗೆ? ಒಳ್ಳೆ ಹೆಸರು ಇಟ್ಕೊಂಡು ಹೋಗ್ತಿದ್ರಿ" ಎಂದರು. ಅಮೀನರು ಮೂರು ದಿನದಿಂದ ನನ್ನ ಕಡೆ ನೋಡುವುದಿಲ್ಲ.

ಸಾಹೇಬರು ಹೊಸಬರು, ವಯಸ್ಸು ಕಡಿಮೆ. ಕಾರ್ಬನ್ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರು. ತಪ್ಪು ನಡೆದಿದೆ ಎಂದು ಒಪ್ಪಿದರು. ಆಮೇಲೆ ಹೇಳಿದರು, "ಆದ್ರೆ ಜಪ್ತಿ ಆದ ಹಡಗಿಗೆ ಪಾಲಕರಿಲ್ಲದೆ ಇರೋಕಾಗಲ್ಲ. ಅವರ ಹೆಸರು ತೆಗೀಬೇಕು ಅಂದ್ರೆ ಇನ್ನೊಬ್ಬರ ಹೆಸರು ಹಾಕಬೇಕು. ಈ ಊರಿನಲ್ಲೇ ಇರೋ ಯಾರಾದ್ರೂ ಒಪ್ಪಿ ಬರಲಿ."

ಯಾರು ಒಪ್ಪುತ್ತಾರೆ? ಬಂದರಿನ ಅಧಿಕಾರಿಯನ್ನು ಕೇಳಿದೆ, ನಕ್ಕರು. ಹಡಗಿಗೆ ಸಾಮಾನು ಒದಗಿಸುವವರನ್ನು, ವಕೀಲರಿಬ್ಬರನ್ನು ಕೇಳಿದೆ. "ಹಡಗು ಯಾವಾಗ ಮಾರಾಟ ಆಗುತ್ತೆ?" ಎನ್ನುತ್ತಾರೆ. ವರ್ಷವೋ, ಐದು ವರ್ಷವೋ ಎಂದರೆ ಚಹಾ ಕುಡಿಸಿ ಕಳಿಸುತ್ತಾರೆ. ಕೇಳುತ್ತಲೇ ಇದ್ದೇನೆ.

ಕೈ ಹೇಗಿದೆ? ಈ ಸಲ ಅಕ್ಷರ ನೆಟ್ಟಗೆ ನಿಂತಿದೆ.

*

29 ಆಗಸ್ಟ್

ತಮ್ಮಾ,

ಒಬ್ಬರು ಒಪ್ಪಿದ್ದಾರೆ. ಯಾರು ಏನು ಎಂದು ಬರೆಯಲು ಈಗ ಹೊತ್ತಿಲ್ಲ, ಆದೇಶದ ಪ್ರತಿ ನಿನ್ನ ಕೈಗೆ ಬರುತ್ತದೆ. ಬರುವ ಗುರುವಾರ ದೋಣಿಯಲ್ಲಿ ಬಂದರಿನವರು ನಿನ್ನನ್ನು ಇಳಿಸಿಕೊಳ್ಳಲು ಬರುತ್ತಾರೆ. ಹಡಗನ್ನು ಎಳೆದು ತಂದು ಆಳವಿಲ್ಲದ ಕಡೆ ಮರಳಿನ ಮೇಲೆ ಕೂರಿಸುತ್ತಾರಂತೆ, ಇನ್ನು ಪಂಪು ಹೊಡೆಯಬೇಕಿಲ್ಲ. ಸಂಜೆಯ ರೈಲಿಗೆ ನಿನ್ನ ಟಿಕೆಟ್ ಸಿದ್ಧವಿದೆ.

ಬಟ್ಟೆ ಒಗೆದು ಒಣಗಿಸಿಕೋ. ಗಡ್ಡ ತೆಗಿ. ತಾಯಿ ನೋಡಿ ಹೆದರಬಾರದು.

ಅಕ್ಕ

*

20 ಸೆಪ್ಟೆಂಬರ್

ಅಕ್ಕಾ,

ದಡದಲ್ಲಿ ಇಳಿದ ಕೂಡಲೇ ನಿಮ್ಮನ್ನು ಹುಡುಕಿದೆ. ಮುಖ ಗೊತ್ತಿಲ್ಲದಿದ್ದರೂ ಗುರುತು ಹಿಡಿಯುತ್ತೇನೆಂದುಕೊಂಡಿದ್ದೆ. ಬಂದರಿನ ಗುಮಾಸ್ತ "ಅವರು ಸಾಹೇಬರ ಕೋಣೇಲಿದ್ದಾರೆ, ಬರಲ್ಲ" ಎಂದ. ನನಗೆ ಮುಖ ತೋರಿಸಲು ನಿಮಗೆ ಸಂಕೋಚ ಎಂದುಕೊಂಡೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೂ ಆಯಿತು. ನೆಲ ಕಾಲ ಕೆಳಗೆ ಏರಿಳಿಯುತ್ತಿತ್ತು. ಕೊಟ್ಟ ಕಾಗದಗಳನ್ನೆಲ್ಲ ಚೀಲಕ್ಕೆ ತುರುಕಿ ರೈಲು ಹತ್ತಿದೆ.

ಅಮ್ಮ ಬಾಗಿಲು ತೆಗೆದು, ನನ್ನ ಮುಖ, ತೋಳು, ಬೆನ್ನು ಎಲ್ಲ ತಡವಿ ನೋಡಿದಳು. ನಾನು ಯಾವ ಯಾವ ಬಂದರಿಗೆ ಹೋಗಿದ್ದೆ ಎಂದು ಕಥೆ ಶುರು ಮಾಡಿದೆ. ಮುಗಿಯುವವರೆಗೆ ಕೇಳಿದಳು. ಆಮೇಲೆ ಪೆಟ್ಟಿಗೆಯಿಂದ ನನ್ನ ಕಾಗದದ ಕಟ್ಟು ತಂದು ಮುಂದಿಟ್ಟಳು. "ಎಲ್ಲಾ ಲಕೋಟೆ ಮೇಲೂ ಒಂದೇ ಊರಿನ ಮೊಹರು ಇದೆ ಅಂತ ಪಕ್ಕದ ಮನೆಯವರು ಮೊದಲೇ ಹೇಳಿದ್ರು. ನೀನು ಹೇಳಬಾರದು ಅಂದ್ಕೊಂಡಿದ್ದೀಯ, ನಾನ್ಯಾಕೆ ಕೇಳಲಿ ಅಂತ ಸುಮ್ಮನಿದ್ದೆ" ಎಂದಳು. ನಾನು ಅವಳನ್ನು ಕಾಪಾಡುತ್ತಿದ್ದೇನೆಂದುಕೊಂಡಿದ್ದೆ. ಒಂದು ವರ್ಷ ಅವಳೇ ನನ್ನ ಸುಳ್ಳನ್ನು ಕಾಪಾಡಿದ್ದಾಳೆ.

ಮೊನ್ನೆ ಚೀಲ ಕೊಡವಿದಾಗ ಆದೇಶ ಸಿಕ್ಕಿತು. ಕೂತು ಓದಿದೆ. ಪಾಲಕರ ಹೆಸರು, ವಿಳಾಸ. ಗಡಿಯಾರದ ಅಂಗಡಿಯ ಮೇಲೆ.

ಅಕ್ಕಾ, ಇದೇನು ಮಾಡಿಕೊಂಡಿರಿ? ಮಗಳ ಮನೆ? ಆ ಮಗು? ನಾನು ಇದನ್ನು ಕೇಳಲಿಲ್ಲ. ಮೊದಲೇ ಹೇಳಿದ್ದರೆ ಏಣಿ ಇಳಿಯುತ್ತಿರಲಿಲ್ಲ. ಹಾಗೆಂದು ಬರೆಯುತ್ತಿದ್ದೇನೆ, ಆದರೆ ನಿಜವಾಗಿಯೂ ಇಳಿಯುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡರೆ ಉತ್ತರ ಬರುವುದಿಲ್ಲ.

*

8 ಅಕ್ಟೋಬರ್

ತಮ್ಮಾ,

ಇಳಿಯುತ್ತಿದ್ದೆ. ಇಳಿಯಲೇಬೇಕಿತ್ತು. ಅದಕ್ಕೇ ಹೇಳಲಿಲ್ಲ. ನೀನು ದಡ ಮುಟ್ಟುವ ಹೊತ್ತಿಗೆ ನಾನು ಸಾಹೇಬರ ಮುಂದೆ ಮುಚ್ಚಳಿಕೆ ಬರೆದುಕೊಡುತ್ತಿದ್ದೆ. ಸಾಹೇಬರು ಮೂರು ಸಲ ಕೇಳಿದರು, "ಯೋಚನೆ ಮಾಡಿದ್ದೀರಾಮ್ಮ?" ಎಂದು.

ನನಗೆ ನಿನ್ನಷ್ಟು ಕಷ್ಟವಿಲ್ಲ. ಹಡಗು ಮರಳಿನ ಮೇಲೆ ಕೂತಿದೆ, ಅದರಲ್ಲಿ ಇರಬೇಕಿಲ್ಲ. ಊರ ಗಡಿ ದಾಟುವಂತಿಲ್ಲ, ಗುರುವಾರ ಬಂದರಿನ ಕಚೇರಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು, ಅಷ್ಟೇ. ಅಷ್ಟೇ ಎಂದು ಬರೆಯುವುದು ಸುಲಭ. ಊರ ಹೊರಗಿನ ಸೇತುವೆಯವರೆಗೆ ಮೂವತ್ತಾರು ವರ್ಷದಲ್ಲಿ ನಾಲ್ಕು ಸಲ ಹೋಗಿದ್ದೆನೋ ಏನೋ. ಈಗ ದಿನಾ ಅದರ ಆಚೆ ಹೋಗಬೇಕೆನಿಸುತ್ತದೆ.

ಮಗಳು ಬಂದಿದ್ದಳು. ಮಗುವಿಗೆ ಜ್ವರವಿತ್ತಂತೆ, ಬಿಟ್ಟು ಬಂದಿದ್ದಳು. ಖಾಲಿ ಅಡುಗೆಮನೆ ನೋಡಿ ಅತ್ತಳು, ಆಮೇಲೆ ಜಗಳವಾಡಿದಳು. "ಮುಖ ನೋಡದೇ ಇರೋ ಯಾರಿಗೋಸ್ಕರನೋ ನಿನ್ನ ಮೊಮ್ಮಗಳನ್ನ ಬಿಟ್ಯಲ್ಲಮ್ಮ" ಎಂದಳು. ಅವಳಿಗೆ ಏನು ಹೇಳಲಿ? ಮುಖ ನೋಡದೆ ಮಾಡಿದ ತಪ್ಪಿಗೆ ಮುಖ ನೋಡಿ ಲೆಕ್ಕ ಹಾಕಲಾಗುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ಅವಳು ಬರೆದು ಮೂರು ವಾರವಾಯಿತು.

ಹಡಗಿಗೆ ಇನ್ನೂ ಗಿರಾಕಿಯಿಲ್ಲ. ಒಬ್ಬರು ಬಂದು ಸುತ್ತ ನೋಡಿ, ತುಕ್ಕು ಕೆರೆದು, ಕೈ ಒರೆಸಿಕೊಂಡು ಹೋದರು.

ನೀನು ಬರೆಯುತ್ತಿರು. ಕಾಯುವವರಿಗೆ ಒಂದು ಕಾಗದ ಎಂದರೇನು ಎಂದು ನಿನಗೆ ಹೇಳಿಕೊಡಬೇಕಿಲ್ಲ.

ಅಕ್ಕ

*

30 ನವೆಂಬರ್

ಅಕ್ಕಾ,

ಏಳು ವಾರ ಬರೆಯಲಿಲ್ಲ. ನೀವು ಏನೆಂದುಕೊಂಡಿರಿ ಎಂದು ಗೊತ್ತು. ಊರು ಸೇರಿದ, ಮರೆತ, ಎಂದು. ಹಾಗಲ್ಲ. ನಿಮ್ಮ ಶಿರಸ್ತೇದಾರರ ಜೊತೆ ಕಾಗದದ ವ್ಯವಹಾರ ನಡೆಸುತ್ತಿದ್ದೆ. ಅವರ ಉತ್ತರ ಕೈಗೆ ಬರುವವರೆಗೆ ಹೇಳಬಾರದೆಂದಿದ್ದೆ. ನಿನ್ನೆ ಬಂತು.

ಇಲ್ಲಿನ ವಕೀಲರೊಬ್ಬರು ಹೇಳಿದ್ದು. ಪಾಲಕರು ಊರು ಬಿಡಬೇಕಾದರೆ, ಕೋರ್ಟು ಒಪ್ಪಿದರೆ, ಬದಲಿ ಪಾಲಕರನ್ನು ಕೂರಿಸಬಹುದಂತೆ. ವರ್ಷಕ್ಕೆ ಮೂವತ್ತು ದಿನ ಮಾತ್ರ. ನನ್ನ ಹೆಸರು ಕೊಟ್ಟು ಅರ್ಜಿ ಹಾಕಿದೆ. ಸಾಹೇಬರು ಮಂಜೂರು ಮಾಡಿದ್ದಾರೆ. ಡಿಸೆಂಬರ್ 16ರಿಂದ ಜನವರಿ 14.

ಇಲ್ಲಿ ನನಗೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ಒಂದು ತಿಂಗಳು ರಜೆ ಎಂದಾಗ ಮ್ಯಾನೇಜರು "ಎಲ್ಲಿಗೆ?" ಎಂದ. ಹೇಳಿದೆ. ನನ್ನ ತಲೆ ಸರಿಯಿದೆಯೇ ಎಂಬಂತೆ ನೋಡಿದ. ಅಮ್ಮನಿಗೆ ಈ ಸಲ ಎಲ್ಲ ನಿಜವನ್ನೇ ಹೇಳಿದೆ. ಅವಳು ಒಂದೇ ಮಾತು ಕೇಳಿದಳು, "ಆ ಹೆಂಗಸಿಗೆ ಮೊಮ್ಮಗಳ ಹೆಸರಾದ್ರೂ ಗೊತ್ತೇನೋ?" ನಿಮ್ಮ ಮೊಮ್ಮಗಳಿಗೊಂದು ಸ್ವೆಟರು ಹೆಣೆಯಲು ಕೂತಿದ್ದಾಳೆ. ಅಳತೆ ಗೊತ್ತಿಲ್ಲದೆ ದೊಡ್ಡದಾಗೇ ಹೆಣೆಯುತ್ತಿದ್ದಾಳೆ.

ನನಗೆ ಭಯವಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಇಲ್ಲಿ ಈಗಲೂ ಬಾಗಿಲು ತೆಗೆದಿಟ್ಟೇ ಮಲಗುತ್ತೇನೆ. ಟಿಕೆಟ್ ಮಾಡಿಸಲು ಮೂರು ದಿನ ರೈಲು ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ನಾಲ್ಕನೆಯ ದಿನ ಮಾಡಿಸಿದೆ. ಮೂವತ್ತು ದಿನ ಮುಗಿದ ಮೇಲೆ ನೀವು ವಾಪಸ್ ಬರದಿದ್ದರೆ ಎಂಬ ಯೋಚನೆಯೂ ಒಂದು ಸಂಜೆ ಬಂತು. ಬಂದದ್ದನ್ನು ಮುಚ್ಚಿಡುವುದು ಬೇಡವೆಂದು ಬರೆದಿದ್ದೇನೆ. ನೀವು ಬರುತ್ತೀರಿ.

ಮಗಳಿಗೆ ಇವತ್ತೇ ಬರೆಯಿರಿ. ಅವಳು ಉತ್ತರ ಕೊಡದಿದ್ದರೂ ಹೊರಡಿ, ಬಾಗಿಲಲ್ಲಿ ಹೋಗಿ ನಿಂತವರನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ.

ನಾನು 15ರ ಮಧ್ಯಾಹ್ನದ ರೈಲಿಗೆ ಇಳಿಯುತ್ತೇನೆ. ನೀವು 16ರ ಬೆಳಿಗ್ಗೆ ಹೊರಡಬೇಕು. ನಡುವೆ ಒಂದು ಸಂಜೆ ಇದೆ, ಆಗ ಮುಖ ನೋಡೋಣ. ನಿಮ್ಮ ಎರಡು ಕೋಣೆಯಲ್ಲೇ ಇರುತ್ತೇನೆ. ಪಾತ್ರೆ ಎಲ್ಲ ಕೊಟ್ಟುಬಿಟ್ಟಿದ್ದೀರಿ, ಒಂದು ಬಾಣಲೆ, ಒಂದು ತಟ್ಟೆ ನಾನೇ ತರುತ್ತೇನೆ. ಗುರುವಾರ ತಪ್ಪದೆ ಸಹಿ ಹಾಕುತ್ತೇನೆ.

ನಿಮ್ಮ ಕಿಟಕಿಯಿಂದ ಹಡಗು ಕಾಣುತ್ತದೆಯೋ ಇಲ್ಲವೋ ನೀವು ಎಂದೂ ಬರೆದಿಲ್ಲ. ಕಾಣುವುದಾದರೆ, ಹೊರಡುವ ಮುಂಚೆ ಪರದೆ ಎಳೆದು ಮುಚ್ಚಿ ಹೋಗಿ.

ನಿಮ್ಮ ತಮ್ಮ